ಕ್ಷಮಿಸು ಅಂತ ಮೊದಲು ಯಾರಿಗೆ ಹೇಳಬೇಕು? ಒಡೆದ ಸಮಾಜ ಮತ್ತು ನಮ್ಮ ನಂಬಿಕೆ

ಓದುಗುಂಪು_ಎಸ್ತೇರ್

ಎಲ್ಲರಿಗೂ ವಂದನೆ. ನಮ್ಮ ಬೈಬಲ್ ಅಧ್ಯಯನದ ಗುಂಪಿಗೆ ಮುಂದಿನ ತಿಂಗಳು "ಒಡೆದ ಸಮಾಜದಲ್ಲಿ ಸಂಧಾನ" ಅನ್ನೋ ವಿಷಯ. ನಡೆಸುವ ಕೆಲಸ ನನ್ನ ತಲೆಗೆ ಬಂದಿದೆ. ತಯಾರಿ ಮಾಡುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಇಂಥ ವಿಷಯ ಬಂದಾಗಲೆಲ್ಲ ಚರ್ಚಿನ ಪ್ರಸಂಗದಲ್ಲಿ (ಉಪದೇಶದಲ್ಲಿ) ಕೇಳಿಬರುವುದು ಒಂದೇ ಮಾತು: ಕ್ಷಮಿಸಿಬಿಡಿ, ಮರೆತುಬಿಡಿ. ಈ ಮಾತು ಏಟು ತಿಂದವರ ಕಡೆಗೇ ತಿರುಗಿರುತ್ತದೆ. ಹೊಡೆದವರು ಹಿಂದಿನ ಬೆಂಚಿನಲ್ಲಿ ಆರಾಮಾಗಿ ಕೂತಿರುತ್ತಾರೆ.

ಆದರೆ ಮತ್ತಾಯ 5:23-24 ನಿಧಾನವಾಗಿ ಓದಿ ನೋಡಿ. ನೀನು ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಿದ್ದೀಯ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ದೂರು ಇದೆ ಅಂತ ಅಲ್ಲಿ ನೆನಪಾಗುತ್ತದೆ. ಆಗ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಅಂತಾನೆ ಯೇಸು. ಹೋಗಬೇಕಾದವನು ಯಾರು? ನೋವು ತಿಂದವನಲ್ಲ, ನೋವು ಕೊಟ್ಟವನು. ಆರಾಧನೆಯನ್ನೇ ಅರ್ಧಕ್ಕೆ ನಿಲ್ಲಿಸಿ ಹೋಗಬೇಕು.

ಒಬ್ಬರು ಇನ್ನೊಬ್ಬರಿಗೆ ಮಾಡಿದ ತಪ್ಪಾದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಜನಾಂಗ ಇನ್ನೊಂದು ಜನಾಂಗಕ್ಕೆ ಮಾಡಿದ್ದಾದರೆ? ಯಾರು ಎದ್ದು ಹೋಗಬೇಕು, ಯಾರ ಮನೆಗೆ? ನಿಜವಾಗಿ ನಡೆದ ಉದಾಹರಣೆ ಗೊತ್ತಿದ್ದರೆ ಹೇಳಿ. ಬರೀ ವಚನಗಳನ್ನು ಪೇರಿಸಬೇಡಿ ದಯವಿಟ್ಟು, ಅದು ನನ್ನ ಹತ್ತಿರವೂ ಇದೆ 🙂

---

ಹಳೇಪುಟ

ಎಸ್ತೇರ್ ಅವರೇ, ನೀವು ಕೇಳಿದ್ದಕ್ಕೆ ಹೆಚ್ಚುಕಮ್ಮಿ ನೇರ ಉತ್ತರ ದಕ್ಷಿಣ ಆಫ್ರಿಕದಲ್ಲಿದೆ. ಅದನ್ನು ಸತ್ಯ ಮತ್ತು ಸಂಧಾನ ಆಯೋಗದಿಂದ, ಅಂದರೆ ವರ್ಣಭೇದದ ಕಾಲದ ಅನ್ಯಾಯಗಳನ್ನು ವಿಚಾರಿಸಿದ ಸರ್ಕಾರಿ ಆಯೋಗದಿಂದ, ಶುರು ಮಾಡಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. 1857ರಿಂದ ಶುರು ಮಾಡಿ.

ಆ ವರ್ಷ ಕೇಪ್ ಪ್ರಾಂತ್ಯದ ಡಚ್ ರಿಫಾರ್ಮ್ಡ್ ಚರ್ಚಿನ ಸಿನಡ್ (ಆಡಳಿತ ಸಭೆ) ಒಂದು ನಿರ್ಣಯ ಮಾಡಿತು. ಹೊಸದಾಗಿ ಕ್ರೈಸ್ತರಾದ ಕರಿಯರು ಬಿಳಿಯರ ಜೊತೆ ಒಂದೇ ಸಭೆಯಲ್ಲಿ ಸೇರುವುದು ಒಳ್ಳೆಯದು, ಅದು ಬೈಬಲ್‌ಗೆ ತಕ್ಕದ್ದು ಅಂತ ಮೊದಲು ಒಪ್ಪಿಕೊಂಡರು. ಆಮೇಲೆ, "ಕೆಲವರ ದೌರ್ಬಲ್ಯದ ಕಾರಣ" ಅದು ಕಷ್ಟವಾಗುವ ಕಡೆ ಬೇರೆ ಕಟ್ಟಡದಲ್ಲಿ ಆರಾಧನೆ ಮಾಡಬಹುದು ಅಂತ ಸೇರಿಸಿದರು. ದೌರ್ಬಲ್ಯ ಯಾರದು? ಕರಿಯರ ಪಕ್ಕ ಕೂತು ಕರ್ತನ ಭೋಜನ ತೆಗೆದುಕೊಳ್ಳಲಾರದ ಬಿಳಿಯರದು. 1881ಕ್ಕೆ ಮಿಶ್ರವರ್ಣದವರಿಗೆ ಅಂತ ಬೇರೆ ಚರ್ಚೇ ಆಯಿತು. ಒಂದು ಸಣ್ಣ ರಿಯಾಯಿತಿ ರೂಢಿಯಾಯಿತು, ರೂಢಿ ನಿಯಮವಾಯಿತು, ಕೊನೆಗೆ ನಿಯಮಕ್ಕೆ ಬೈಬಲಿನ ಆಧಾರವನ್ನೂ ಹುಡುಕಿದರು. 1948ರಲ್ಲಿ ವರ್ಣಭೇದವೇ ಸರ್ಕಾರದ ನೀತಿಯಾದಾಗ, ಇದೇ ಚರ್ಚಿನ ಪಂಡಿತರು ಅದಕ್ಕೆ ದೇವರ ಹೆಸರಿನ ಮುದ್ರೆ ಒತ್ತಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ಅಲ್ಲಿ ಚರ್ಚು ಜಗಳ ಬಿಡಿಸಲು ಹೊರಗಿನಿಂದ ಬಂದ ಮೂರನೆಯವರಲ್ಲ. ಅದೇ ಒಂದು ಪಕ್ಷ.

---

ಸಭಾಪಾಲಕ_ಎಸ್

ಸಿಸ್ಟರ್ ಎಸ್ತೇರ್, ಪ್ರಶ್ನೆ ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಮತ್ತಾಯ 5ರ ಜೊತೆ ಮತ್ತಾಯ 18ನ್ನೂ ಇಟ್ಟುಕೊಳ್ಳಿ. ಅಲ್ಲಿ, ನಿನ್ನ ಸಹೋದರನು ತಪ್ಪು ಮಾಡಿದರೆ *ನೀನು ಹೋಗಿ* ಅವನೊಬ್ಬನೇ ಇರುವಾಗ ಹೇಳು ಅಂತಿದೆ. ಅಂದರೆ ನೋವು ತಿಂದವನಿಗೂ ಒಂದು ಹೆಜ್ಜೆ ಇದೆ. ಇಬ್ಬರೂ ತಮ್ಮ ತಮ್ಮ ಮನೆಯಿಂದ ಹೊರಟರೆ ದಾರಿಯಲ್ಲೇ ಎದುರಾಗಬೇಕು, ಅಲ್ವಾ?

ಅದೇ ಅಧ್ಯಾಯದಲ್ಲಿ ಪೇತ್ರನಿಗೆ ಏಳೆಪ್ಪತ್ತು ಸಾರಿ ಕ್ಷಮಿಸು ಅಂತಲೂ ಇದೆ. ಅದನ್ನು ಬಿಟ್ಟು ಓದಲಾಗುವುದಿಲ್ಲ.

---

ಮೌನಿ

ಪಾಸ್ಟರ್, ತಾವು ಹೇಳಿದ್ದನ್ನೇ ತೆಗೆದುಕೊಳ್ಳುತ್ತೇನೆ. ಮತ್ತಾಯ 18ರಲ್ಲಿ ನೋವು ತಿಂದವನು ಹೋಗುವುದು ಕ್ಷಮಿಸಿದ್ದೇನೆ ಅಂತ ಹೇಳುವುದಕ್ಕಲ್ಲ. *ತಪ್ಪನ್ನು ತೋರಿಸುವುದಕ್ಕೆ.* ಕೇಳದಿದ್ದರೆ ಇಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ ಹೇಳಬೇಕು. ಇದು ಬಾಯಿ ಮುಚ್ಚಿಕೊಂಡಿರು ಅನ್ನೋ ಪಾಠ ಅಲ್ಲವೇ ಅಲ್ಲ.

ನಮ್ಮ ಮನೆಯವರ ವಿಷಯದಲ್ಲಿ ಒಂದು ದೊಡ್ಡ ಅನ್ಯಾಯ ಆಗಿತ್ತು. ವಿವರ ಬೇಡ. ಸಭೆಯ ಹಿರಿಯರು ಬಂದು ಪ್ರಾರ್ಥನೆ ಮಾಡಿ, "ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬೇಡಿ, ಅದು ಆತ್ಮಕ್ಕೆ ಒಳ್ಳೆಯದಲ್ಲ" ಅಂದು ಹೋದರು. ಮಾಡಿದವರ ಮನೆಗೆ ಹೋಗಲಿಲ್ಲ. ಅವರು ಕಾಣಿಕೆ ಜಾಸ್ತಿ ಕೊಡುವವರು. ಇವತ್ತಿಗೂ ಆ "ಕಹಿ" ಅನ್ನೋ ಮಾತು ಕೇಳಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

---

ದಾರಿಹೋಕ

ನಾನು ಕ್ರೈಸ್ತನಲ್ಲ. ಆಗಾಗ ಇಲ್ಲಿ ಓದುತ್ತಿರುತ್ತೇನೆ. ಒರಟಾಗಿ ಕೇಳಿದರೆ ಬೇಜಾರು ಮಾಡ್ಕೋಬೇಡಿ.

ರುವಾಂಡದ ಬಗ್ಗೆ ಏನು ಹೇಳುತ್ತೀರಿ? 1994ರಲ್ಲಿ ಹುಟು ಉಗ್ರರು ಟುಟ್ಸಿ ಜನಾಂಗದವರ ನರಮೇಧ ಮಾಡಿದಾಗ ಆ ದೇಶದ ಬಹುಪಾಲು ಜನ ಕ್ರೈಸ್ತರು. ಕೊಂದವರೂ ಕ್ರೈಸ್ತರು, ಸತ್ತವರೂ ಕ್ರೈಸ್ತರು. ಜನ ಆಸರೆ ಹುಡುಕಿ ಚರ್ಚಿನೊಳಗೆ ಹೋದರು, ಅಲ್ಲೇ ಸತ್ತರು. ಒಂದೇ ಪೂಜೆಗೆ ಹೋಗುತ್ತಿದ್ದವರು ಅವರೆಲ್ಲ. ಹಾಗಿದ್ದ ಮೇಲೆ ನಂಬಿಕೆ ಜನರನ್ನು ಒಂದುಗೂಡಿಸುತ್ತದೆ ಅನ್ನೋದಕ್ಕೆ ಆಧಾರ ಏನು?

---

ಸಭಾಪಾಲಕ_ಎಸ್

ಆಧಾರ ಇಲ್ಲ ಸರ್. ಒಂದೇ ಧರ್ಮದವರಾಗಿದ್ದ ಮಾತ್ರಕ್ಕೆ ಒಂದಾಗುತ್ತಾರೆ ಅನ್ನೋದು ಸುಳ್ಳು. ಹೊಸ ಒಡಂಬಡಿಕೆಯೇ ಹಾಗೆ ಹೇಳುವುದಿಲ್ಲ. ಗಲಾತ್ಯ 2ರಲ್ಲಿ ನೋಡಿ. ಅಂತಿಯೋಕ್ಯದಲ್ಲಿ ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟ ಮಾಡುತ್ತಿದ್ದ ಪೇತ್ರ, ಯೆರೂಸಲೇಮಿನಿಂದ ಒಂದಷ್ಟು ಜನ ಬಂದ ತಕ್ಷಣ ಪಂಕ್ತಿಯಿಂದ ಹಿಂದೆ ಸರಿದ. ಅವನನ್ನು ನೋಡಿ ಬಾರ್ನಬನೂ ಸರಿದ. ಪೌಲ ಎಲ್ಲರ ಮುಂದೆಯೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ನಂಬಿಕೆ ಹುಟ್ಟಿ ಇನ್ನೂ ಒಂದು ತಲೆಮಾರು ಕಳೆದಿರಲಿಲ್ಲ. ಆಗಲೇ ಊಟದ ಹತ್ತಿರ ಗೋಡೆ ಎದ್ದಿತ್ತು.

---

ಹಳೇಪುಟ

ರುವಾಂಡದ ಬಗ್ಗೆ ದಾರಿಹೋಕ ಅವರು ಹೇಳಿದ್ದು ನಿಜ. ಅದನ್ನು ತೇಲಿಸಬಾರದು. ನ್ಯಾಂಗೆ ಅನ್ನೋ ಊರಿನಲ್ಲಿ 1994ರ ಏಪ್ರಿಲ್‌ನಲ್ಲಿ ಟುಟ್ಸಿಗಳು ಆಸರೆ ಪಡೆದಿದ್ದ ಚರ್ಚನ್ನು ಬುಲ್ಡೋಜರ್ ತಂದು ಅವರ ಮೇಲೆಯೇ ಕೆಡವಿದರು. ಆ ಚರ್ಚಿನ ಪಾದ್ರಿ ಅಥನಾಸ್ ಸೆರೊಂಬಾ ಅದರಲ್ಲಿ ಭಾಗಿ ಅಂತ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ಸಾಬೀತಾಯಿತು. 2008ರಲ್ಲಿ ಮೇಲ್ಮನವಿಯ ತೀರ್ಪಿನಲ್ಲಿ ಜೀವಾವಧಿ ಶಿಕ್ಷೆ ಆಯಿತು. 2017ರಲ್ಲಿ ಪೋಪ್ ಫ್ರಾನ್ಸಿಸ್, ಚರ್ಚಿನ ಮತ್ತು ಅದರ ಸದಸ್ಯರ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಇಪ್ಪತ್ತಮೂರು ವರ್ಷ ಬೇಕಾಯಿತು.

ಅದೇ ನ್ಯಾಂಗೆಯ ಇನ್ನೊಂದು ಸಂಗತಿ ಇದೆ. 1997ರ ಮಾರ್ಚ್‌ನಲ್ಲಿ ಅಲ್ಲಿನ ಪ್ರೌಢಶಾಲೆಗೆ ರಾತ್ರಿ ಹೊತ್ತು ಬಂದೂಕುಧಾರಿಗಳು ನುಗ್ಗಿದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಇನ್ನೊಂದು ಕಡೆ ನಿಲ್ಲಿ ಅಂದರು. ಮಕ್ಕಳು ನಿಲ್ಲಲಿಲ್ಲ. ನಾವೆಲ್ಲ ರುವಾಂಡದವರು ಅಂದರು. ಗುಂಡು ಹಾರಿಸಿದರು, ಕೆಲವರು ಸತ್ತರು. ಬೇರೆ ನಿಂತಿದ್ದರೆ ಹುಟು ಮಕ್ಕಳು ಬದುಕಿಕೊಳ್ಳುತ್ತಿದ್ದರು.

ಒಂದು ಇನ್ನೊಂದಕ್ಕೆ ಸಮ ಆಯಿತು ಅಂತ ನಾನು ಹೇಳುತ್ತಿಲ್ಲ. ಸಮ ಆಗುವುದೂ ಇಲ್ಲ.

---

ಬಿಸಿತುಪ್ಪ

ಎಲ್ಲ ಸರಿ, ಆದರೆ ಹಳೇದನ್ನು ಕೆದಕುತ್ತಾ ಕೂತರೆ ಯಾವತ್ತೂ ಶಾಂತಿ ಬರಲ್ಲ. ತಾತ ಮಾಡಿದ್ದಕ್ಕೆ ಮೊಮ್ಮಗ ಯಾಕೆ ಕ್ಷಮೆ ಕೇಳಬೇಕು? ಯೆಹೆಜ್ಕೇಲ 18 ಓದಿ. ತಂದೆಯ ದೋಷಫಲವನ್ನು ಮಗ ಹೊರುವುದಿಲ್ಲ. ಮುಗೀತು.

---

ಓದುಗುಂಪು_ಎಸ್ತೇರ್

ಬಿಸಿತುಪ್ಪ ಅವರೇ, ಮುಗಿಯಲಿಲ್ಲ. ದಾನಿಯೇಲ 9 ಇದೆಯಲ್ಲ. ದಾನಿಯೇಲನ ಮೇಲೆ ಆ ಪುಸ್ತಕದಲ್ಲಿ ಒಂದೇ ಒಂದು ತಪ್ಪು ಹೊರಿಸಿಲ್ಲ. ಆದರೂ ಪ್ರಾರ್ಥನೆಯಲ್ಲಿ "ಅವರು ಪಾಪ ಮಾಡಿದರು" ಅನ್ನುವುದಿಲ್ಲ, "ನಾವು ಪಾಪ ಮಾಡಿದೆವು" ಅನ್ನುತ್ತಾನೆ. ರಾಜರು, ಪ್ರಧಾನರು, ಪಿತೃಗಳು ಮಾಡಿದ್ದಕ್ಕೆ.

ನನಗೆ ಅನಿಸುವುದು, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಶಿಕ್ಷೆ ಯಾರಿಗೆ ಅಂದರೆ ಯೆಹೆಜ್ಕೇಲ ಸರಿ. ತಾತ ಮಾಡಿದ್ದಕ್ಕೆ ಮೊಮ್ಮಗನನ್ನು ಜೈಲಿಗೆ ಹಾಕುವಂತಿಲ್ಲ. ಆದರೆ ತಾತ ಕಿತ್ತುಕೊಂಡ ಜಮೀನಿನಲ್ಲಿ ಮೊಮ್ಮಗ ಇವತ್ತಿಗೂ ಬೆಳೆ ತೆಗೆಯುತ್ತಿದ್ದರೆ? ಅಲ್ಲಿ ಯೆಹೆಜ್ಕೇಲ 18 ಓದಿ ಪಾರಾಗಲು ಆಗುವುದಿಲ್ಲ. ಅದೇ ಅಧ್ಯಾಯದಲ್ಲೇ, ನೀತಿವಂತನು ಸಾಲಕ್ಕೆ ಇಟ್ಟುಕೊಂಡ ಒತ್ತೆಯನ್ನು ಹಿಂದಕ್ಕೆ ಕೊಡುತ್ತಾನೆ ಅಂತ ಬರೆದಿದೆ.

---

ಹಳೇಪುಟ

ಇದೇ ಪ್ರಶ್ನೆ ಒಂದು ದಿನ ಎಲ್ಲರ ಕಣ್ಣೆದುರೇ ಎದ್ದು ನಿಂತಿತ್ತು. 1990ರ ನವೆಂಬರ್, ದಕ್ಷಿಣ ಆಫ್ರಿಕದ ರಸ್ಟೆನ್‌ಬರ್ಗ್. ಮಂಡೇಲಾ ಬಿಡುಗಡೆಯಾಗಿ ಕೆಲವು ತಿಂಗಳಾಗಿತ್ತು. ಹೆಚ್ಚುಕಮ್ಮಿ ಎಲ್ಲ ಚರ್ಚುಗಳವರೂ ಒಂದೆಡೆ ಸೇರಿದ್ದರು. ಡಚ್ ರಿಫಾರ್ಮ್ಡ್ ಚರ್ಚಿನ ದೇವಶಾಸ್ತ್ರಜ್ಞ ವಿಲ್ಲಿ ಯೊಂಕರ್ ಮಾತಾಡಲು ಎದ್ದರು. ವರ್ಣಭೇದದಲ್ಲಿ ತನ್ನ ಪಾಪವನ್ನು, ತನ್ನ ಸ್ವಂತ ಹೊಣೆಯನ್ನು ಒಪ್ಪಿಕೊಂಡರು. ಅಷ್ಟಕ್ಕೇ ನಿಲ್ಲಿಸದೆ ತನ್ನ ಚರ್ಚಿನ ಪರವಾಗಿಯೂ ಒಪ್ಪಿಕೊಂಡರು.

ಕರಿಯರ ಹೋರಾಟದ ದನಿಯಾಗಿದ್ದ ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ವೇದಿಕೆಗೆ ಬಂದರು. ಅದು ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ. ಒಬ್ಬರು ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ ಮೇಲೆ ನಾವು ಕೊಡಲೇಬೇಕು, ಕೊಟ್ಟಿದ್ದೇವೆ ಅಂದರು.

ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಈ ಕಥೆ ಇಲ್ಲಿಗೇ ನಿಲ್ಲುತ್ತದೆ. ನನಗೆ ಮುಖ್ಯ ಅನಿಸುವುದು ಆಮೇಲಿನದು. ಕರಿಯರ ಸಭೆಗಳಿಂದ ಬಂದಿದ್ದ ಕೆಲವು ಪ್ರತಿನಿಧಿಗಳು ಇದನ್ನು ಒಪ್ಪಲಿಲ್ಲ. ಅವರಿಗೆ ಎರಡು ಅನುಮಾನ. ಯೊಂಕರ್ ನಿಜವಾಗಿ ಇಡೀ ಚರ್ಚಿನ ಪರವಾಗಿ ಮಾತಾಡಿದರೇ? ಟುಟು ನಮ್ಮೆಲ್ಲರ ಪರವಾಗಿ ಹೇಗೆ ಕ್ಷಮಿಸಿದರು? ಮೊದಲನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಡಚ್ ರಿಫಾರ್ಮ್ಡ್ ನಿಯೋಗ ಯೊಂಕರ್ ಮಾತಿಗೆ ತಾನೂ ಬದ್ಧ ಅಂತ ಹೇಳಿತು. ಎರಡನೆಯದಕ್ಕೆ ಉತ್ತರ ಅಷ್ಟು ಸುಲಭದ್ದಲ್ಲ.

---

ಮೌನಿ

ಎರಡನೆಯದಕ್ಕೆ ನನ್ನ ಉತ್ತರ: ಆಗಲ್ಲ. ಇನ್ನೊಬ್ಬರ ಪರವಾಗಿ ತಪ್ಪೊಪ್ಪಿಕೊಳ್ಳಬಹುದು. ಇನ್ನೊಬ್ಬರ ಪರವಾಗಿ ಕ್ಷಮಿಸಲು ಬರುವುದಿಲ್ಲ. ನನ್ನ ಹೆಸರಿನಲ್ಲಿ ಯಾರೋ ದೊಡ್ಡವರು ಕ್ಷಮಿಸಿಬಿಟ್ಟರೆ, ಆಮೇಲೆ ನಾನು ಬಾಯಿ ಬಿಟ್ಟರೂ ನಾನೇ ಹಠಮಾರಿ ಆಗುತ್ತೇನೆ.

---

ಕ್ಯಾಟಕಿಸಂ ಟೀಚರ್

ಮೌನಿ ಹೇಳಿದ್ದು ಒಪ್ಪಿಗೆ. ನಾವು ಕಥೋಲಿಕರು ಮಕ್ಕಳಿಗೆ ಪಾಪನಿವೇದನೆ ಕಲಿಸುವಾಗ ಮೂರು ಹೇಳಿಕೊಡುತ್ತೇವೆ. ಮನಸ್ಸಿನಲ್ಲಿ ಪಶ್ಚಾತ್ತಾಪ, ಬಾಯಲ್ಲಿ ಒಪ್ಪಿಗೆ, ಆಮೇಲೆ ಪ್ರಾಯಶ್ಚಿತ್ತ. ಕದ್ದಿದ್ದರೆ ಹಿಂದಕ್ಕೆ ಕೊಡಬೇಕು. ಒಬ್ಬರ ಮಾನ ಕಳೆದಿದ್ದರೆ ಅದನ್ನು ಸರಿಮಾಡಬೇಕು. ಪಾಪ ಪರಿಹಾರವಾಯಿತು ಅಂದ ಮಾತ್ರಕ್ಕೆ ಆದ ಹಾನಿ ತುಂಬುವುದಿಲ್ಲ ಅಂತ ನಮ್ಮ ಧರ್ಮೋಪದೇಶದಲ್ಲೇ ಇದೆ. ಇದನ್ನು ಹತ್ತು ವರ್ಷದ ಮಕ್ಕಳಿಗೆ ಕಲಿಸುತ್ತೇವೆ, ದೊಡ್ಡವರಾದ ಮೇಲೆ ಸಮಾಜದ ವಿಷಯಕ್ಕೆ ಬಂದಾಗ ಎಲ್ಲರೂ ಮರೆಯುತ್ತೇವೆ.

ಎಸ್ತೇರ್ ಅಕ್ಕ, ಸುಂಕ ವಸೂಲಿಗಾರ ಜಕ್ಕಾಯನ ಕಥೆ ಇಟ್ಟುಕೊಳ್ಳಿ. ಲೂಕ 19. ಯೇಸು ಅವನ ಮನೆಗೆ ತಾನಾಗಿಯೇ ಹೋದ, ಏನೂ ಷರತ್ತು ಹಾಕಲಿಲ್ಲ. ಕೃಪೆ ಮೊದಲು ಬಂತು. ಆದರೆ ಜಕ್ಕಾಯ ಎದ್ದು ನಿಂತು ಏನು ಹೇಳಿದ? ತುಂಬಾ ಸಂತೋಷ ಆಯ್ತು ಸ್ವಾಮಿ ಅಂತಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್. ಲೆಕ್ಕ ಹೇಳಿದ. ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಅನ್ನೋ ಮಾತು ಬಂದದ್ದು ಆ ಲೆಕ್ಕ ಕೇಳಿದ ಮೇಲೆ.

---

ದಾರಿಹೋಕ

ಇದು ಚೆನ್ನಾಗಿದೆ. ಹಾಗಾದರೆ ದಕ್ಷಿಣ ಆಫ್ರಿಕದ ಆಯೋಗ ಜಕ್ಕಾಯನ ಲೆಕ್ಕದಲ್ಲಿ ಪಾಸಾಯಿತೇ?

---

ಹಳೇಪುಟ

ಸತ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಸು, ನಾಲ್ಕರಷ್ಟು ವಾಪಸ್ ಕೊಡುವುದರಲ್ಲಿ ಫೇಲು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

1995ರ ಕಾನೂನಿನಿಂದ ಆಯೋಗ ಹುಟ್ಟಿತು. 1996ರ ಏಪ್ರಿಲ್‌ನಲ್ಲಿ ಈಸ್ಟ್ ಲಂಡನ್ ನಗರದಲ್ಲಿ ವಿಚಾರಣೆ ಶುರುವಾಯಿತು. 21,000ಕ್ಕೂ ಹೆಚ್ಚು ಜನ ತಮಗಾದದ್ದನ್ನು ದಾಖಲಿಸಿದರು. ಟುಟು ಅಧ್ಯಕ್ಷರು, ಪ್ರಾರ್ಥನೆಯಿಂದ ಶುರು, ಮೇಣದಬತ್ತಿ ಹಚ್ಚುವುದು, ಹಾಡು. ಇದು ಸರ್ಕಾರಿ ಆಯೋಗವೋ ಆರಾಧನೆಯೋ ಅಂತ ಟೀಕೆಯೂ ಬಂತು.

ಆ ಮೊದಲ ವಾರದಲ್ಲೇ ಗಾಲಿಕುರ್ಚಿಯಲ್ಲಿದ್ದ ಒಬ್ಬ ಹಿರಿಯ ಹೋರಾಟಗಾರರು ಪೊಲೀಸರು ಕೊಟ್ಟ ಚಿತ್ರಹಿಂಸೆಯನ್ನು ಹೇಳುತ್ತಾ ಹೇಳುತ್ತಾ ಮಾತು ನಿಲ್ಲಿಸಿ ಮುಖ ಮುಚ್ಚಿಕೊಂಡರು. ಟುಟು ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟರು. ಲೋಕಕ್ಕೆಲ್ಲ ಆ ಚಿತ್ರ ಗೊತ್ತು. ಇನ್ನು ಮುಂದೆ ಎಲ್ಲರೆದುರು ಅಳುವುದಿಲ್ಲ ಅಂತ ಅವರು ಆಮೇಲೆ ತೀರ್ಮಾನ ಮಾಡಿದ್ದು ಅಷ್ಟಾಗಿ ಗೊತ್ತಿಲ್ಲ. ಕ್ಯಾಮೆರಾ ತನ್ನ ಕಡೆ ತಿರುಗಿತು, ನೋವು ತಿಂದವರ ಮೇಲಿಂದ ಹೋಯಿತು ಅನ್ನೋದು ಕಾರಣ. ಸಂಧಾನ ಮಾಡಿಸಲು ಹೊರಟ ಪ್ರತಿಯೊಬ್ಬ ಪಾದ್ರಿಗೂ ಇದನ್ನು ಹೇಳಬೇಕು ಅಂತ ನನಗೆ ಆಸೆ.

ಇನ್ನು ಕ್ಷಮಾದಾನದ ವಿಷಯ, ಅಂದರೆ ಅಪರಾಧಿಗೆ ಶಿಕ್ಷೆಯಿಂದ ಕಾನೂನಿನ ವಿನಾಯಿತಿ. ಜನ ತಪ್ಪು ತಿಳಿದಿರುವುದು ಇಲ್ಲೇ ಜಾಸ್ತಿ. ಅಪರಾಧಿ ಪಶ್ಚಾತ್ತಾಪ ಪಡಬೇಕು ಅಂತ ಕಾನೂನು ಕೇಳಲೇ ಇಲ್ಲ. ಸಾರಿ ಅನ್ನಬೇಕಾಗಿಯೂ ಇರಲಿಲ್ಲ. ರಾಜಕೀಯ ಕಾರಣಕ್ಕೆ ಮಾಡಿದ್ದಾಗಿರಬೇಕು, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. 7,000ಕ್ಕೂ ಹೆಚ್ಚು ಅರ್ಜಿ ಬಂದವು, ಸಿಕ್ಕಿದ್ದು 849 ಜನಕ್ಕೆ. 1977ರಲ್ಲಿ ಪೊಲೀಸರ ವಶದಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೋ ಅವರ ಮನೆಯವರು ಈ ವ್ಯವಸ್ಥೆಯನ್ನೇ ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿ ಸೋತರು. ನಮಗೆ ಸಂಧಾನ ಬೇಡ ಅಂತಲ್ಲ, ನ್ಯಾಯ ಬೇಕು ಅಂತ. ಆಮೇಲೆ ಬಿಕೋ ಸಾವಿಗೆ ಸಂಬಂಧಪಟ್ಟ ಪೊಲೀಸರ ಅರ್ಜಿಯನ್ನು ಆಯೋಗವೇ ತಿರಸ್ಕರಿಸಿತು.

ಪರಿಹಾರ: ವರ್ಷ ವರ್ಷ, ಆರು ವರ್ಷ ಹಣ ಕೊಡಿ ಅಂತ ಆಯೋಗ ಶಿಫಾರಸು ಮಾಡಿತ್ತು. ಸರ್ಕಾರ 2003ರಲ್ಲಿ ಘೋಷಿಸಿದ್ದು ಒಂದೇ ಸಲಕ್ಕೆ 30,000 ರ‍್ಯಾಂಡ್. ಕೊಂದವನಿಗೆ ಮಾಫಿ ಬೇಗ ಸಿಕ್ಕಿತು, ಕಳೆದುಕೊಂಡವರು ವರ್ಷಗಟ್ಟಲೆ ಕಾದರು.

---

ಬಿಸಿತುಪ್ಪ

ಅದಕ್ಕೇ ಹೇಳಿದ್ದು, ದುಡ್ಡು ದುಡ್ಡು ಅಂತ ಹೋದರೆ ಕ್ಷಮೆ ಅನ್ನೋದಕ್ಕೆ ಬೆಲೆ ಏನು? ಶಿಲುಬೆಯ ಮೇಲೆ ಯೇಸು ಷರತ್ತು ಹಾಕಿದನಾ? ಇವರೆಲ್ಲ ಎಡಪಂಥೀಯರು ಮಾಡುವ

*[ಇಲ್ಲಿಂದ ಮುಂದಿನ ಎರಡು ಸಾಲು ತೆಗೆಯಲಾಗಿದೆ. ವಿಷಯದ ಮೇಲೆ ಎಷ್ಟು ಬೇಕಾದರೂ ಜಗಳ ಮಾಡಿ, ಜನರ ಮೇಲೆ ಬೇಡ. – ನಿರ್ವಾಹಕ]*

---

ಸಭಾಪಾಲಕ_ಎಸ್

ಬ್ರದರ್, ನಿಮ್ಮ ಪ್ರಶ್ನೆಯ ಮೊದಲ ಭಾಗ ನ್ಯಾಯವಾದದ್ದೇ. ಶಿಲುಬೆಯ ಮೇಲೆ ಷರತ್ತು ಇರಲಿಲ್ಲ. ಆ ಪ್ರಾರ್ಥನೆ ಮಾಡಿದ್ದು ಮೊಳೆ ಹೊಡೆಸಿಕೊಂಡವನು. ಕೆಳಗೆ ನಿಂತಿದ್ದ ಸೈನಿಕ ಮೇಲೆ ನೋಡಿ, ನೀನು ಕ್ಷಮಿಸಲೇಬೇಕು ಕಣಯ್ಯಾ ಅಂತ ಹೇಳಲಿಲ್ಲ.

ಗಾರ್ಡನ್ ವಿಲ್ಸನ್ ಅವರ ಹೆಸರು ಕೇಳಿದ್ದೀರಾ? ಉತ್ತರ ಐರ್ಲೆಂಡಿನ ಎನಿಸ್ಕಿಲನ್, 1987ರ ನವೆಂಬರ್ 8. ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ ಐಆರ್‌ಎ (ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಗುಂಪು) ಇಟ್ಟ ಬಾಂಬು ಸಿಡಿಯಿತು. ಅವಶೇಷದಡಿ ತಂದೆ ಮಗಳು ಇಬ್ಬರೂ ಸಿಕ್ಕಿಕೊಂಡಿದ್ದರು. ಕೈ ಕೈ ಹಿಡಿದುಕೊಂಡೇ ಇದ್ದರು. ಮಗಳು ಮರೀ, ನರ್ಸ್, ಉಳಿಯಲಿಲ್ಲ. ಅವತ್ತೇ ವರದಿಗಾರರ ಮುಂದೆ ವಿಲ್ಸನ್, ನನಗೆ ಯಾರ ಮೇಲೂ ದ್ವೇಷ ಇಲ್ಲ, ಬಾಂಬ್ ಇಟ್ಟವರಿಗಾಗಿ ಪ್ರತಿ ರಾತ್ರಿ ಪ್ರಾರ್ಥಿಸುತ್ತೇನೆ ಅಂದರು. ಅವರು ಮೆಥಡಿಸ್ಟ್ ಸಭೆಯವರು. ನಾನು ಈ ಮಾತನ್ನು ಪ್ರಸಂಗದಲ್ಲಿ ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ.

---

ಮೌನಿ

ಹೇಳಿ ಪಾಸ್ಟರ್, ಬೇಡ ಅನ್ನಲ್ಲ. ಜೊತೆಗೆ 1993 ಕೂಡ ಹೇಳಿ. ಅದೇ ವಿಲ್ಸನ್ ಐಆರ್‌ಎಯವರನ್ನು ಹುಡುಕಿಕೊಂಡು ಹೋಗಿ ಮುಖಾಮುಖಿ ಕೂತು, ಕೊಲ್ಲುವುದನ್ನು ನಿಲ್ಲಿಸಿ ಅಂತ ಕೇಳಿದರು. ಅವರು ಒಪ್ಪಲಿಲ್ಲ. ಬೇಸರದಿಂದ ವಾಪಸ್ ಬಂದರು. ಅಂದರೆ ದ್ವೇಷ ಇಲ್ಲ ಅಂದವರು ಸುಮ್ನೆ ಮನೆಯಲ್ಲಿ ಕೂರಲಿಲ್ಲ. ಮತ್ತಾಯ 18ರ ಹಾಗೆ ಹೋಗಿ ತಪ್ಪನ್ನು ಎದುರಿಗೇ ಹೇಳಿದರು. ಅವರ ಕ್ಷಮೆ ಅವರದು. ಅದೇ ಬಾಂಬಿನಲ್ಲಿ ತಮ್ಮವರನ್ನು ಕಳೆದುಕೊಂಡ ಬೇರೆ ಮನೆಗಳವರಿಗೆ, ನೋಡಿ ಅವರು ಹೇಗಿದ್ದಾರೆ ಅಂತ ತೋರಿಸುವುದಕ್ಕಲ್ಲ.

---

ಸಭಾಪಾಲಕ_ಎಸ್

ಇದನ್ನು ಇನ್ನು ಮುಂದೆ ಸೇರಿಸಿಯೇ ಹೇಳುತ್ತೇನೆ. ಥ್ಯಾಂಕ್ಸ್.

ಅಂದ ಹಾಗೆ ಯೋಸೇಫನ ಕಥೆಯೂ ಹೀಗೇ. ತನ್ನನ್ನು ಮಾರಿದ್ದ ಅಣ್ಣಂದಿರನ್ನು ಕಂಡ ತಕ್ಷಣ ತಬ್ಬಿಕೊಳ್ಳಲಿಲ್ಲ. ಗುರುತು ಮರೆಸಿದ, ಪರೀಕ್ಷೆ ಮಾಡಿದ. ಒಮ್ಮೆ ತಮ್ಮನನ್ನು ಮಾರಲು ಹೇಳಿದ್ದ ಯೆಹೂದನೇ, ಬೆನ್ಯಾಮೀನನ ಬದಲು ನನ್ನನ್ನು ದಾಸನಾಗಿ ಇಟ್ಟುಕೋ ಅಂದ. ಆಗ ಯೋಸೇಫನಿಗೆ ತಡೆಯಲಾಗಲಿಲ್ಲ. ಆದಿಕಾಂಡ 44ರ ಕೊನೆಯಿಂದ 45ರ ಮೊದಲವರೆಗೆ ಒಂದೇ ಉಸಿರಿಗೆ ಓದಿ ಗುಂಪಿನಲ್ಲಿ.

---

ದಾರಿಹೋಕ

ದೊಡ್ಡ ದೊಡ್ಡ ಹೆಸರುಗಳು ಸರಿ. ಸಾಮಾನ್ಯ ಜನ ಏನು ಮಾಡಿದರು? ಆಯೋಗ ಗೀಯೋಗ ಇಲ್ಲದೆ?

---

ಹಳೇಪುಟ

ಉತ್ತರ ಐರ್ಲೆಂಡಿನಲ್ಲೇ ಎರಡು ಹೇಳುತ್ತೇನೆ.

ಒಂದು, ಕೊರಿಮೀಲಾ. ರೇ ಡೇವಿ ಅನ್ನೋ ಪ್ರೆಸ್ಬಿಟೇರಿಯನ್ ಪಾದ್ರಿ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಯುದ್ಧಕೈದಿ. 1945ರಲ್ಲಿ ಡ್ರೆಸ್ಡೆನ್ ಬಾಂಬಿಗೆ ಸುಟ್ಟದ್ದನ್ನು ಹತ್ತಿರದಿಂದ ಕಂಡವರು. ಆಮೇಲೆ ಬೆಲ್‌ಫಾಸ್ಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪಾದ್ರಿ (ಚಾಪ್ಲೇನ್). ಆ ವಿದ್ಯಾರ್ಥಿಗಳನ್ನೇ ಕಟ್ಟಿಕೊಂಡು ಸಮುದ್ರ ತೀರದ ಒಂದು ಹಳೇ ರಜಾಧಾಮ ಕೊಂಡು, ಕಥೋಲಿಕರು ಮತ್ತು ಪ್ರೊಟೆಸ್ಟೆಂಟರು ಜೊತೆಗೆ ಇರಬಹುದಾದ ಜಾಗ ಮಾಡಿದರು. ವರ್ಷ ನೋಡಿ: 1965. ಈ ಎರಡು ಕಡೆಯವರ ನಡುವೆ ಗಲಭೆ ಭುಗಿಲೆದ್ದದ್ದು 1969ರ ಸುಮಾರಿಗೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲಿಲ್ಲ ಅವರು. ಬೀದಿಗಳು ಉರಿಯುವಾಗ ಎರಡೂ ಕಡೆಯ ಮನೆಗಳವರು ಹೋಗಿ ಉಸಿರಾಡಿಕೊಳ್ಳಲು ಒಂದು ಜಾಗ ಆಗಲೇ ಇತ್ತು.

ಇನ್ನೊಂದು, ಶಾಲೆ. ಅಲ್ಲಿ ಕಥೋಲಿಕರ ಮಕ್ಕಳಿಗೆ ಒಂದು ಶಾಲೆ, ಪ್ರೊಟೆಸ್ಟೆಂಟರ ಮಕ್ಕಳಿಗೆ ಇನ್ನೊಂದು. ಅದನ್ನು ದಾಟಿದವರು ತಂದೆತಾಯಂದಿರು. 1981ರಲ್ಲಿ ಬೆಲ್‌ಫಾಸ್ಟಿನಲ್ಲಿ ಲಾಗನ್ ಕಾಲೇಜ್ ಅಂತ ಶುರು ಮಾಡಿದಾಗ ಇದ್ದದ್ದು 28 ಮಕ್ಕಳು, ಒಂದು ಸ್ಕೌಟ್ ಹಾಲ್. ಚರ್ಚುಗಳಿಂದ ಉತ್ಸಾಹ ಅಷ್ಟಕ್ಕಷ್ಟೇ. ಇವತ್ತಿಗೂ ಅಲ್ಲಿ ಹೆಚ್ಚಿನ ಮಕ್ಕಳು ಬೇರೆ ಬೇರೆಯಾಗಿಯೇ ಓದುತ್ತಾರೆ. 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಎಷ್ಟೋ ವರ್ಷವಾದರೂ ಬೀದಿಗಳ ನಡುವಿನ ಗೋಡೆಗಳಲ್ಲಿ ಬಹಳಷ್ಟು ಹಾಗೇ ನಿಂತಿವೆ.

---

ಕ್ಯಾಟಕಿಸಂ ಟೀಚರ್

ನಮ್ಮವರ ಹೆಸರೂ ಒಂದು ಸೇರಲಿ. ಫಾದರ್ ಅಲೆಕ್ ರೀಡ್, ಬೆಲ್‌ಫಾಸ್ಟಿನ ಕ್ಲೊನಾರ್ಡ್ ಮಠ. 1988ರಲ್ಲಿ ಗುಂಪೊಂದು ಇಬ್ಬರು ಬ್ರಿಟಿಷ್ ಸೈನಿಕರನ್ನು ಎಳೆದೊಯ್ದು ಹೊಡೆಯಿತು. ಆಮೇಲೆ ಅವರನ್ನು ಗುಂಡಿಟ್ಟು ಕೊಂದರು. ಫಾದರ್ ತಡೆಯಲು ಹೋದರು, ಆಗಲಿಲ್ಲ. ಶವದ ಪಕ್ಕ ಮಂಡಿಯೂರಿ ಅಂತಿಮ ಪ್ರಾರ್ಥನೆ ಮಾಡಿದರು. ಆ ಹೊತ್ತಿನಲ್ಲೇ ಅವರ ಹತ್ತಿರ ಶಾಂತಿ ಮಾತುಕತೆಯ ಗುಟ್ಟಿನ ಕಾಗದ ಇತ್ತು. 2005ರಲ್ಲಿ ಐಆರ್‌ಎ ಆಯುಧ ಕೈಬಿಟ್ಟಾಗ ಸಾಕ್ಷಿಯಾಗಿ ನಿಂತ ಇಬ್ಬರಲ್ಲಿ ಅವರೊಬ್ಬರು. ಇನ್ನೊಬ್ಬರು ಮೆಥಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್. ಒಂದು ಕಡೆಯವರು ಮಾತ್ರ ನೋಡಿ ಹೇಳಿದ್ದರೆ ಇನ್ನೊಂದು ಕಡೆಯವರು ನಂಬುತ್ತಿರಲಿಲ್ಲ.

---

ಓದುಗುಂಪು_ಎಸ್ತೇರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲ ವಾರ ಮತ್ತಾಯ 5 ಮತ್ತು 18 ಪಕ್ಕಪಕ್ಕ ಓದುತ್ತೇವೆ, ಜೊತೆಗೆ 1857ರ ನಿರ್ಣಯ. ಎರಡನೇ ವಾರ ಜಕ್ಕಾಯ ಮತ್ತು ಆಯೋಗ. ಮೂರನೇ ವಾರ ವಿಲ್ಸನ್, ಎರಡೂ ಭಾಗ. ಯೆಹೆಜ್ಕೇಲ–ದಾನಿಯೇಲ ಜಗಳಕ್ಕೆ ಒಂದು ಪೂರ್ತಿ ವಾರ ಬೇಕು ಅನಿಸುತ್ತದೆ. ಬಿಸಿತುಪ್ಪ ಅವರೇ, ಅವತ್ತು ನೀವು ಬಂದು ನಿಮ್ಮ ಕಡೆಯ ವಾದ ಹೇಳಿ, ತಮಾಷೆಗೆ ಹೇಳುತ್ತಿಲ್ಲ.

ಮೌನಿ, ನಿಮಗೆ ಬರಲು ಮನಸ್ಸಾದರೆ ಬನ್ನಿ. ಏನೂ ಹೇಳಬೇಕಾಗಿಲ್ಲ.

---

ಮೌನಿ

ನೋಡೋಣ. "ಕಹಿ" ಅನ್ನೋ ಮಾತು ಯಾರೂ ಎತ್ತಬಾರದು ಅಂತ ಮೊದಲೇ ಹೇಳಿಬಿಡಿ.

---

ದಾರಿಹೋಕ

ಹೊರಗಿನವರು ಬಂದು ಕೂರಬಹುದೇ? ದಾನಿಯೇಲನ ವಾರಕ್ಕೆ.

---

ಓದುಗುಂಪು_ಎಸ್ತೇರ್

ಬನ್ನಿ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ. ಮೌನಿ, ಅದನ್ನು ಮೊದಲ ದಿನವೇ ಎಲ್ಲರಿಗೂ ಹೇಳುತ್ತೇನೆ.